ಹಳೇ ಬ್ಯಾರಕ್ಕಿನ ಕಿಟಕಿಗಳ ಕುರಿತು

ಕಟ್ಟಡ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ,

ಸೈನಿಕರ ಹಳೇ ಬ್ಯಾರಕ್ಕನ್ನು ವೃದ್ಧಾಶ್ರಮ ಮಾಡಿದ್ದೀರಿ, ಸಂತೋಷ. ಆದರೆ ಅದರ ಕಿಟಕಿಗಳು ಇವತ್ತಿಗೂ ಆಳೆತ್ತರಕ್ಕಿಂತ ಮೇಲಿವೆ. ಇಳಿಸಿ ಎಂದು ಮೂರು ಸಲ ಬರೆದೆ. ‘ಪಾರಂಪರಿಕ ಕಟ್ಟಡ, ಮೂಲ ಸ್ವರೂಪಕ್ಕೆ ಧಕ್ಕೆ ತರುವಂತಿಲ್ಲ’ ಎಂದು ಮೂರು ಸಲವೂ ಅದೇ ಉತ್ತರ. ಹಾಗಾಗಿ ಈ ಸಲ ನಾಲ್ಕು ಜನಕ್ಕೆ ಕೇಳುವಂತೆ ಬರೆಯುತ್ತಿದ್ದೇನೆ.

ಹೊರಗಿನ ಗುಂಡು ಒಳಗಿನ ಸಿಪಾಯಿಗೆ ತಾಗದಿರಲೆಂದು ಅಷ್ಟೆತ್ತರಕ್ಕೆ ಇಟ್ಟರಂತೆ. ಸಿಪಾಯಿಗಳು ಹೋದರು, ಕ್ಷಯರೋಗಿಗಳು ಬಂದರು. ಕಿಟಕಿ ಇದ್ದಲ್ಲೇ ಇತ್ತು. ಆ ರೋಗಿಗಳಲ್ಲಿ ನನ್ನ ಅಕ್ಕನೂ ಒಬ್ಬಳು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲವಾದ್ದರಿಂದ ನಾನು ಗೋಡೆಯಾಚೆ ನಿಂತು ಕೂಗುತ್ತಿದ್ದೆ.

“ಅಕ್ಕಾ, ನಾನು ಕಾಣ್ತೀನಾ?”

“ಇಲ್ಲ ಕಣೇ! ಇನ್ನೂ ಸ್ವಲ್ಪ ಉದ್ದ ಬೆಳೆದು ಬಾ ಹೋಗು!”

ಮರುವಾರ ಕೋಲಿಗೆ ನನ್ನ ಕೆಂಪು ರಿಬ್ಬನ್ ಕಟ್ಟಿ ಎತ್ತಿ ಹಿಡಿದೆ. “ಈಗ ಕಂಡೆ ಕಣೇ,” ಅಂದಳು. ಐದು ತಿಂಗಳು ಅವಳು ನನ್ನದೆಂದು ನೋಡಿದ್ದು ಆ ರಿಬ್ಬನ್ ಒಂದನ್ನೇ. ಆಮೇಲೆ ತೀರಿಕೊಂಡಳು. ಆ ಗೋಡೆಯ ಮೇಲೆ ನನಗೆ ಇನ್ನೂ ಸಿಟ್ಟಿದೆ.

ಮುಂದೆ ಅದು ಶಾಲೆಯಾಯಿತು, ನಾನೇ ಅಲ್ಲಿ ಟೀಚರಾದೆ. ಮನೆಪಾಠ ಮಾಡದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಬರಬರುತ್ತ ಇಡೀ ತರಗತಿಯೇ ಮನೆಪಾಠ ಬಿಟ್ಟಿತು, ಪರೀಕ್ಷೆಯಲ್ಲಿ ಕ್ಲಾಸಿಗೇ ಮೊದಲು ಬರುವ ಹುಡುಗಿಯೂ ಸೇರಿ! “ನಿನಗೇನು ಬಂತೇ ದೊಡ್ಡ ರೋಗ?” ಎಂದೆ. “ಅಲ್ಲಿ ನಿಂತ್ರೆ ರೋಡ್ ಕಾಣುತ್ತೆ ಮಿಸ್,” ಎಂದಳು. ನಾನೂ ಹತ್ತಿ ನೋಡಿದೆ. ಒಂದು ಸೈಕಲ್ ರಿಪೇರಿ ಅಂಗಡಿ, ಬಿಸಿಲಿಗೆ ಮಲಗಿದ ನಾಯಿ. ಮರುದಿನದಿಂದ ಆ ಶಿಕ್ಷೆಯನ್ನು ಹಾಜರಿ ಪುಸ್ತಕದ ಪ್ರಕಾರ ಎಲ್ಲರಿಗೂ ಸರದಿಯ ಮೇಲೆ ಕೊಟ್ಟೆ.

ಶಾಲೆ ಹೋದಮೇಲೆ ಆರು ವರ್ಷ ನಿಮ್ಮದೇ ಕಚೇರಿ ಅಲ್ಲಿತ್ತಲ್ಲ? ಆಗ ಸಾಹೇಬರ ಕೋಣೆಯ ಗೋಡೆ ಮಾತ್ರ ಒಡೆದು, ಕುರ್ಚಿಯಲ್ಲಿ ಕೂತರೇ ಹೊರಗೆ ಕಾಣುವಂತೆ ಕಿಟಕಿ ಇಟ್ಟಿರಿ. ಮೂಲ ಸ್ವರೂಪಕ್ಕೆ ಅಂದು ಧಕ್ಕೆಯಾಗಲಿಲ್ಲವೇ? ಅಥವಾ ಪರಂಪರೆಯೂ ಸಾಹೇಬರ ಕೋಣೆಯ ಹೊರಗೇ ಕಾಯುತ್ತ ನಿಂತಿತ್ತೇ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಮುಂದಿನ ತಿಂಗಳು ನಾನು ಅಲ್ಲಿಗೆ ಸೇರುತ್ತಿದ್ದೇನೆ. ಮೊಣಕಾಲು ಸೋತಿದೆ, ಬೆಂಚು ಹತ್ತಲಾರೆ. ಜಗಳ ಆಡುವಷ್ಟು ಉಸಿರೂ ಉಳಿದಿಲ್ಲ. ಕ್ಲಾಸಿಗೇ ಮೊದಲು ಬರುತ್ತಿದ್ದ ಆ ಹುಡುಗಿ ಈಗ ಅದೇ ರಸ್ತೆಯಲ್ಲಿ ದಿನಾ ಕೆಲಸಕ್ಕೆ ಹೋಗುತ್ತಾಳೆ. “ಹೋಗ್ತಾ ಬರ್ತಾ ಕೈ ಬೀಸ್ತೀನಿ ಮಿಸ್,” ಎಂದಿದ್ದಾಳೆ. ಮಲಗಿದಲ್ಲಿಂದ ಅವಳು ನನಗೆ ಕಾಣಬೇಕು. ನನ್ನ ಹಾಸಿಗೆಯ ಎದುರಿನ ಒಂದೇ ಒಂದು ಕಿಟಕಿ ಇಳಿಸಿಕೊಡಿ. ಆಗದಿದ್ದರೆ ಈಗಲೇ ತಿಳಿಸಿ, ಕೋಲಿಗೆ ರಿಬ್ಬನ್ ಕಟ್ಟಿಕೊಂಡು ಬಾ ಎಂದು ಅವಳಿಗೆ ಹೇಳಬೇಕು.

ಇಂತಿ,
ಇಷ್ಟು ವರ್ಷವಾದರೂ ಆ ಕಿಟಕಿಯಷ್ಟು ಉದ್ದ ಬೆಳೆಯದ,
ಹಾಸಿಗೆ ಸಂಖ್ಯೆ ಹದಿನಾಲ್ಕು