ನಿದ್ದೆಗೆಂದು ಹೋದವನಿಗೆ

ನಿನ್ನ ಮನೆಯ ಅಡುಗೆಮನೆ,
ಬುಧವಾರ ಮಧ್ಯಾಹ್ನ

ನನ್ನ ಮಗನೇ,

ಹೇಗಿದ್ದೀಯ? ನಿದ್ದೆ ಚೆನ್ನಾಗಿ ಬರುತ್ತಿದೆಯೇ? ಕಣ್ಣುರಿ ಕಡಿಮೆಯಾಯಿತೇ? ನನ್ನ ಮಂಡಿನೋವು ಮೊದಲಿನ ಹಾಗೇ ಇದೆ. ಅದು ನನಗಿಂತ ಹಟಮಾರಿ. ಫೋನಿನಲ್ಲಿ ಏನು ಹೇಳಿದರೂ "ಆಯ್ತಮ್ಮ, ಆಯ್ತಮ್ಮ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ರೈಲ್ವೆ ಗಾರ್ಡ್ ಸಂಜೆ ಡ್ಯೂಟಿಗೆ ಹೊರಡುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಕೂತು ಓದು. ನಿಂತು ಓದುವಂಥದ್ದಲ್ಲ.

ನೀನು ರೈಲು ಓಡಿಸುವವನು. ಎಂಜಿನ್ನಿನಲ್ಲಿ ನೀನು ಒಂದು ಗಳಿಗೆ ತೂಕಡಿಸಿದರೆ ಎಷ್ಟು ಮನೆಯ ದೀಪ ಆರುತ್ತದೆ ಎಂಬುದು ನನಗೂ ಗೊತ್ತು. ಹೊಟ್ಟೆನೋವಿಗೆ ಕೂಸು ಹಗಲೂ ರಾತ್ರಿ ಅಳುತ್ತದೆ, ನಿದ್ದೆಯಿಲ್ಲದೆ ಗಾಡಿ ಓಡಿಸಲಾಗದು, ಒಂದು ವಾರ ಡ್ರೈವರುಗಳ ವಸತಿಯಲ್ಲಿ ಮಲಗುತ್ತೇನೆ ಎಂದಾಗ ನಾನು ಒಪ್ಪಿದ್ದು ಅದಕ್ಕೇ. ನಿನ್ನ ಹೆಂಡತಿಯೂ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ನಿನ್ನ ಅಂಗಿಗಳನ್ನು ಮಡಿಸಿ ಚೀಲಕ್ಕೆ ತುಂಬಿದವಳೂ ಅವಳೇ. ಆ ಒಂದು ವಾರ ತಿಂಗಳುಗಳಾಯಿತು. ಕೂಸಿಗೆ ಈಗ ಕತ್ತು ನಿಂತಿದೆ. ಅಳು ನಿಂತಿಲ್ಲ. ನೀನೂ ಮಾತಿಗೆ ನಿಂತಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಫೋನ್ ಮಾಡಿದೆಯಲ್ಲ, ಆಗ ಇಲ್ಲಿ ಏನಾಗುತ್ತಿತ್ತು ಗೊತ್ತೇ? ಕೂಸು ಕಿರುಚುತ್ತಿತ್ತು, ಹಾಲು ಉಕ್ಕಿ ಒಲೆಯ ತುಂಬ ಹರಿದಿತ್ತು, ದೊಡ್ಡವಳು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತ ಮನೆಯೆಲ್ಲ ಕುಂಟುತ್ತಿದ್ದಳು. ನಿನ್ನ ಹೆಂಡತಿ ಕೈ ಬಿಡುವಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯಲ್ಲಿಟ್ಟಿದ್ದಳು. ಹಾಗಾಗಿ ನಿನ್ನ ಮಾತು ನನಗೂ ಕೇಳಿಸಿತು. "ಇಡೀ ದಿನ ಮನೇಲೇ ಇರ್ತೀಯ. ಒಂದು ಮಗೂನ ಸುಮ್ಮನಿರಿಸೋಕಾಗಲ್ವಾ?"

ಅವಳು ಫೋನ್ ಇಟ್ಟಳು. ಒಲೆ ಆರಿಸಿದಳು. ಇನ್ನೊಂದು ಬೂಟನ್ನು ಎಲ್ಲಿಂದಲೋ ಹುಡುಕಿ ದೊಡ್ಡವಳ ಕಾಲಿಗೆ ತೊಡಿಸಿ ಶಾಲೆಯ ಬಸ್ಸು ಹತ್ತಿಸಿ ಬಂದಳು. ಕೂಸನ್ನು ನನ್ನ ಮಡಿಲಿಗೆ ಹಾಕಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ನಲ್ಲಿಯ ಸದ್ದು ಕೇಳುತ್ತಲೇ ಇತ್ತು. ಅಳುತ್ತಿದ್ದಾಳೆ, ಅತ್ತು ಹಗುರಾಗಲಿ ಎಂದು ನಾನೂ ಸುಮ್ಮನಿದ್ದೆ. ಬಾಗಿಲ ಕೆಳಗಿಂದ ನೀರು ಹರಿದು ಬಂದಾಗ ಕೂಸನ್ನು ಚಾಪೆಯ ಮೇಲೆ ಮಲಗಿಸಿ ಎದ್ದೆ. ಬಡಿದೆ, ಕೂಗಿದೆ. ಉತ್ತರವಿಲ್ಲ. ನನ್ನ ಕೂಗಿಗೆ ಗಾರ್ಡ್ ಓಡಿ ಬಂದು ಭುಜ ಕೊಟ್ಟು ಚಿಲಕ ಮುರಿದ. ಅವಳು ಸ್ಟೂಲಿನ ಮೇಲೆ ಕೂತು ಗೋಡೆಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ಬಕೆಟ್ಟು ತುಂಬಿ ನೀರು ಅವಳ ಕಾಲ ಮೇಲೇ ಹರಿಯುತ್ತಿತ್ತು, ಪರಿವೆಯೇ ಇರಲಿಲ್ಲ. ಅಲುಗಾಡಿಸಿ ಎಬ್ಬಿಸಿದರೆ ಮೊದಲು ಕೇಳಿದ್ದು ಕೂಸು ಎಲ್ಲಿ ಎಂದು. ಎರಡನೆಯ ಮಾತು ನಿನ್ನ ಬಗ್ಗೆ. "ಅವರಿಗೆ ಹೇಳ್ಬೇಡಿ ಅತ್ತೆ. ಗಾಡಿ ಓಡಿಸೋರು, ಮನಸ್ಸು ಕೆಡಿಸ್ಕೋತಾರೆ."

ಅದನ್ನು ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಅವಳು ನಿನ್ನ ಬೆನ್ನಿಗೆ ನಿಂತಿದ್ದಾಳೆ. ಅವಳ ಬೆನ್ನಿಗೆ ಯಾರಿದ್ದಾರೆ? ಗೋಡೆ ಹಿಡಿಯದೆ ಏಳಲಾಗದ ನಾನೇ?

ನಿನ್ನ ದೊಡ್ಡ ಮಗಳ ಸುದ್ದಿಯನ್ನೂ ಕೇಳು. ನಿನ್ನೆ ಅವಳು ತನ್ನ ಗೊಂಬೆಯನ್ನು ಹೊಸ್ತಿಲಾಚೆ ಕೂರಿಸಿ ಬಾಗಿಲು ಹಾಕಿಕೊಂಡು ಬಂದಳು. ಯಾಕಮ್ಮ ಎಂದೆ. "ಅದು ಅಳುತ್ತೆ. ಅದು ಹೊರಗಿದ್ರೆ ಅಪ್ಪ ಒಳಗೆ ಬರ್ತಾರೆ" ಎಂದಳು. ಇಷ್ಟು ಹೇಳಿ ಕಾಲು ಆಡಿಸುತ್ತ ಕೂತು ಬ್ರೆಡ್ಡು ತಿಂದಳು.

ನಿಮ್ಮಪ್ಪ ಏನೂ ದೇವರಲ್ಲ. ಕಬ್ಬಿಣದ ಕಾರ್ಖಾನೆಯಲ್ಲಿ ಬೆಂದು ಬರುತ್ತಿದ್ದರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನೀನೂ ಕಡಿಮೆ ಅತ್ತವನಲ್ಲ. ಆದರೂ ಚಪ್ಪಲಿ ಬಿಟ್ಟ ಕೂಡಲೇ ನಿನ್ನನ್ನು ನನ್ನ ಕೈಯಿಂದ ಕಿತ್ತುಕೊಂಡು, ಹೋಗು, ಸ್ವಲ್ಪ ಒರಗು ಅನ್ನುತ್ತಿದ್ದರು. ಪ್ರೀತಿಯಿಂದೇನೂ ಅಲ್ಲ, ಗೊಣಗುತ್ತಲೇ. ಅವರಿಗೆ ಮೈ ಸರಿಯಿಲ್ಲದಾಗ ನಾನೂ ಗೊಣಗುತ್ತಲೇ ಕಾಲೊತ್ತಿದ್ದೇನೆ. ಗೊಣಗು, ಬೇಡ ಎಂದವರಾರು? ಆದರೆ ಬಂದು ಗೊಣಗು.

ಬೈದೆನೆಂದು ಬೇಸರಪಟ್ಟುಕೊಳ್ಳಬೇಡ. ಇಲ್ಲ, ಪಟ್ಟುಕೋ. ಚೆನ್ನಾಗಿರು. ನಿನ್ನ ಗಾಡಿ ಹತ್ತಿದವರೆಲ್ಲ ಕ್ಷೇಮವಾಗಿ ತಮ್ಮ ತಮ್ಮ ಮನೆ ಸೇರಲಿ.

ಸಿಟ್ಟಾಗಿರುವ,
ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸುವಷ್ಟರಲ್ಲಿ ಗಾರ್ಡ್ ಬಂದ. ತೆಗೆದುಕೊಂಡು ಹೋಗುವುದು ಬಿಟ್ಟು ಬಾಗಿಲಲ್ಲೇ ತಡವರಿಸುತ್ತ ನಿಂತ. ಸೋಮವಾರದಿಂದ ಅವನ ಮನಸ್ಸು ತಡೆಯುತ್ತಿಲ್ಲವಂತೆ. ದನಿ ತಗ್ಗಿಸಿ ಹೇಳಿದ: "ವಾರಕ್ಕೊಂದು ದಿನ ಪೂರ್ತಿ ರಜೆ ಇರುತ್ತಮ್ಮ ಅವನಿಗೆ. ವಸತೀಲೇ ಇಸ್ಪೀಟಾಡ್ತಾ ಕೂತಿರ್ತಾನೆ. ಮನೆಗೆ ಹೋಗೋ ಅಂದ್ರೆ, ಅಲ್ಲಿ ತಲೆ ಕೆಡುತ್ತೆ ಅಂತಾನೆ." ನಿನ್ನ ಹೆಂಡತಿ ಆಗ ಒಳಗೆ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿನಗೆ ಕಳಿಸಲು ಊಟದ ಡಬ್ಬಿ ತುಂಬುತ್ತಿದ್ದಳು. ಕೇಳಿಸಿಕೊಂಡಿಲ್ಲ. ನಾನು ಹೇಳುವುದೂ ಇಲ್ಲ, ಅದು ನೀನೇ ನಿನ್ನ ಬಾಯಿಂದ ಹೇಳಬೇಕಾದದ್ದು. ನಾಳೆ ನಿನಗೆ ರಜೆಯಂತೆ. ಡಬ್ಬಿಯನ್ನು ನಾನು ಗಾರ್ಡ್ ಕೈಗೆ ಕೊಟ್ಟಿಲ್ಲ. ಹಸಿವಾದರೆ ಮನೆಗೆ ಬಾ.