ಹೂಂ ಅನ್ನಿಸದ ಕೊನೆ

ಜೀಡಿಮೆಟ್ಲಾ, ಹೈದರಾಬಾದ್
೧೨ ಆಗಸ್ಟ್ ೨೦೦೧

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತೀಯೋ, ಸೀಸೆಯನ್ನು ಗೂಡಿನಲ್ಲಿಟ್ಟು ಬರೀ ನೋಡುತ್ತೀಯೋ? ನಾವೆಲ್ಲ ಚೆನ್ನಾಗಿದ್ದೇವೆ. ಕಾರ್ಖಾನೆಯ ಔಷಧದ ವಾಸನೆ ನನ್ನ ಅಂಗಿ ಬಿಟ್ಟು ಹೋಗಿಲ್ಲ, ಅಷ್ಟೇ.

ಇನ್ನು ನನ್ನ ಕಥೆಯ ಸುದ್ದಿ. ಸುಲ್ತಾನ್ ಬಜಾರಿನ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಮದುಮಗಳ ಬಂಗಾರದ ಸರ ಕಳೆಯುವ ಕಥೆ ಅದು. ಇಲ್ಲಿನ ಕನ್ನಡ ಪತ್ರಿಕೆಯ ಸಂಪಾದಕರು ಜಯತೀರ್ಥರು ದೀಪಾವಳಿ ಸಂಚಿಕೆಗೆ ಒಪ್ಪಿಕೊಂಡಿದ್ದರು. ಮೊನ್ನೆ ಕರೆಸಿ, “ಅಂಬಣ್ಣೋರ, ಎಲ್ಲಾ ಛಲೋ ಅದರಿ, ಕೊನೀ ಒಂದು ಹಳೇದಾತು. ಈಗ ಹೈಟೆಕ್ ಸಿಟಿ ಜಮಾನಾ. ಕಡೀ ಪುಟದಾಗ ಕಂಪ್ಯೂಟರ್ ಕಲ್ತ ಕಳ್ಳ ಒಬ್ಬನ್ನ ತಂದುಬಿಡ್ರಿ, ಓದೋರು ಹೌಹಾರಬೇಕು” ಎಂದರು. “ಹಲ್ಲಿ ಮೈಮ್ಯಾಲ ಬಿದ್ರೂ ಮಂದಿ ಹೌಹಾರ್ತಾರರಿ. ಅದಕ್ಕ ಕಥಿ ಅಂತಾರೇನು?” ಎಂದೆ. “ಹಂಗಿದ್ರ ಅಚ್ಚಾಗಂಗಿಲ್ಲ ನೋಡ್ರಿ” ಎಂದರು. ಹಾಳೆಗಳನ್ನು ಎತ್ತಿಕೊಂಡು ಬಂದುಬಿಟ್ಟೆ.

ನೀನು ಜೋಳ ಹಸನು ಮಾಡುತ್ತಾ ಕಥೆ ಹೇಳುವಾಗ ಹೂಂ ಅನ್ನುವುದು ನನ್ನ ಕೆಲಸವಾಗಿತ್ತು. ನಿದ್ದೆಗಣ್ಣಲ್ಲಿ ನೀನು ಎಲ್ಲಿಂದಲೋ ಹೊಸಬನೊಬ್ಬನನ್ನು ತಂದು ಕಥೆ ಮುಗಿಸಿದರೆ ನಾನು ಸುಮ್ಮನಾಗುತ್ತಿದ್ದೆ. “ಯಾಕಲೇ, ಬಾಯಾಗ ಬೆಲ್ಲ ಇಟಗೊಂಡೀ ಏನು?” ಎಂದು ಗದರಿಸುತ್ತಲೇ ನೀನು ತಿರುಗಿ ಸರಿಯಾಗಿ ಹೇಳುತ್ತಿದ್ದೆ. ಕಥೆಯಲ್ಲಿ ಮೊದಲು ಎಲ್ಲೂ ಬಾರದ, ಕೇಳುವವರು ಒಮ್ಮೆಯೂ ಹೂಂ ಅನ್ನದ ಮನುಷ್ಯನನ್ನು ನಾನು ಕಳ್ಳನನ್ನಾಗಿ ಮಾಡಲಾರೆ, ಯಾರು ಹೇಳಿದರೂ ಸರಿ.

ಮರುದಿನ ಪಟಾನ್‌ಚೆರುವಿನ ಕಾರ್ಖಾನೆಯಿಂದ ಮರಳುವ ಬಸ್ಸಿನಲ್ಲಿ ನಮ್ಮ ಕಡೆಯವರಿಗೆ ಅದೇ ಕಥೆ ಹೇಳಿದೆ. ಮನೆಮಂದಿ ಸರ ಹುಡುಕಿ ಬೆವರುತ್ತಾರೆ, ಸೋದರತ್ತೆ ಎಲ್ಲರಿಗೂ ಕೊಡದಿಂದ ನೀರು ಕೊಡುತ್ತಾಳೆ. ಹೂಂ. ಮತ್ತೆ ಹುಡುಕುತ್ತಾರೆ, ಮತ್ತೆ ನೀರು. ಹೂಂ. ಕೊನೆಗೆ ಕೊಡ ಬರಿದಾದಾಗ ಸರ ಅದರ ತಳದಲ್ಲೇ! ಪಕ್ಕದ ಬೂದೆಪ್ಪ ಸೀಟು ಗುದ್ದಿ, “ಅಲಲಾ! ಮೊದಲಿಂದ ಆಕಿ ಕೊಟ್ಟ ನೀರೇ ಕುಡ್ಕೊಂತ ಬಂದೀವಲ್ಲೋ!” ಎಂದು ಕೂಗಿದ. ಅವನಿಳಿಯುವ ಸ್ಟಾಪು ಆಗಲೇ ಹಿಂದೆ ಹೋಗಿತ್ತು. ಬೈಯುತ್ತಾ ಇಳಿದ, ನಗುತ್ತಾ ನಡೆದ.

ಭಾವನಿಗೆ ಶರಣು ಹೇಳು. ಮಕ್ಕಳ ತಲೆ ಸವರು.

ನಿನ್ನ ಹೂಂಗುಟ್ಟುವ ತಮ್ಮ,
ಅಂಬಣ್ಣ

ತಾ.ಕ.: ತಮ್ಮನ ಹೆಸರು ಅಚ್ಚಾಗುತ್ತದೆಂದು ಊರಿಗೆಲ್ಲ ಹೇಳಿಟ್ಟಿದ್ದೀಯಂತೆ. ಆಗುವುದಿಲ್ಲ. ಅದಕ್ಕೆ ನೀನು ತಲೆ ತಗ್ಗಿಸಬೇಡ. ಎಲ್ಲರನ್ನೂ ಕಟ್ಟೆಗೆ ಕೂಡಿಸು, ದೀಪಾವಳಿಗೆ ನಾನೇ ಬಂದು ಹೇಳುತ್ತೇನೆ. ಅಯ್ಯೋ, ಇದನ್ನು ನಿನಗೆ ಓದಿ ಹೇಳುವವನು ಟಪಾಲಿನ ಹುಸೇನಪ್ಪ ಅಲ್ಲವೇ! ಹುಸೇನಪ್ಪಾ, ಕೊಡದ ಸುದ್ದಿ ನಿನ್ನ ಹೊಟ್ಟೆಯಲ್ಲೇ ಇರಲಿ. ಅಲ್ಲಿಯವರೆಗೆ ಯಾರು ನೀರು ಕೊಟ್ಟರೂ ನಗದೆ ಕುಡಿ.