ಕೂಸ ಬರತದ, ಕಸ ಹಾಕಬ್ಯಾಡ್ರಿ

ಸದಾಶಿವ ಪೇಠ, ಪುಣೆ
ರವಿವಾರ, ೧೧ ಜನವರಿ ೨೦೨೬

ಪ್ರೀತಿಯ ಸಾಬವ್ವಾ,

ಹೆಂಡತಿಗೆ ಕಾಗದ ಬರೆಯುವಾಗ ಆಶೀರ್ವಾದ ಎನ್ನಬೇಕೋ ನಮಸ್ಕಾರ ಎನ್ನಬೇಕೋ ತಿಳಿಯದೆ ಎರಡನ್ನೂ ಕಳಿಸುತ್ತಿದ್ದೇನೆ. ನಿನಗೆ ಬೇಕಾದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ನಮ್ಮ ಕೂಸು ರೇಣುಗೆ ಕೊಡು. ನಿನ್ನ ಸೊಂಟನೋವು ಹೇಗಿದೆ? ಅತ್ತೆ ಕಟ್ಟಿದ ಅಂಟಿನುಂಡೆಯನ್ನು ನೀನು ತಿನ್ನುತ್ತಿದ್ದೀಯೋ, ತಮ್ಮನಿಗೆ ಹಂಚಿ ಕೂತಿದ್ದೀಯೋ? ಕೂಸು ಮಗ್ಗಲಾಗುತ್ತಾಳೆಂದು ಮಾವ ಹೇಳಿದರು. ಯಾವ ಮಗ್ಗಲಿಗೆ ಎಂದು ಕೇಳಬೇಕೆನಿಸಿತು, ನಾಚಿಕೆಯಾಗಿ ಬಿಟ್ಟೆ. ನಾನು ಕಂಡಾಗ ಅವಳು ಹನ್ನೆರಡು ದಿನದವಳು, ಮುಷ್ಟಿ ಕೂಡ ಬಿಚ್ಚಿರಲಿಲ್ಲ. ಈಗ ನಾಲ್ಕು ತಿಂಗಳು ತುಂಬಿದೆ. ನಾನು ಗಟ್ಟಿಯಾಗಿದ್ದೇನೆ. ರೊಟ್ಟಿ ಬಡಿಯಲು ಕಲಿತಿದ್ದೇನೆ. ದುಂಡಗೆ ಬರುವುದಿಲ್ಲ, ಆದರೆ ಹೊಟ್ಟೆಗೇನು ಕಣ್ಣಿಲ್ಲ.

ಫೋನಿರುವಾಗ ಕಾಗದವೇಕೆ ಎನ್ನಬೇಡ. ನಿಮ್ಮ ಮನೆಯ ಫೋನು ಮಾವನವರ ಜೇಬಿನಲ್ಲಿರುತ್ತದೆ. ನಿನ್ನ ಕೈಗೆ ಬರುವಷ್ಟರಲ್ಲಿ ಸ್ಪೀಕರ್ ಹಾಕಿರುತ್ತಾರೆ, ಪಡಸಾಲೆಯಲ್ಲಿ ಕೂತವರೆಲ್ಲ ನನ್ನ ಸಂಸಾರ ಕೇಳುತ್ತಾರೆ. ನಾನು ಊಟವಾಯಿತೇ ಎನ್ನುತ್ತೇನೆ, ನೀನು ಹೂಂ ಎನ್ನುತ್ತೀ, ಅಲ್ಲಿಗೆ ಮುಗಿಯಿತು. ಯಾವಾಗ ಬರುತ್ತೀ ಎಂದು ಕೇಳಿದರೆ ‘ನೋಡೂಣು’ ಎನ್ನುತ್ತೀ. ಏಳು ವರ್ಷ ನಿನ್ನ ಜೊತೆ ಬಾಳಿದವನು ನಾನು, ಆ ‘ನೋಡೂಣು’ವಿನ ಅರ್ಥ ನನಗೆ ಗೊತ್ತು. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಬರಬೇಕಾದವಳು ಬರುವುದಿಲ್ಲವೇನೋ ಎಂಬ ಹೆದರಿಕೆ ನನಗೆ.

ನೀನು ಹೆರಿಗೆಗೆಂದು ತವರಿಗೆ ಹೋದ ದಿನ ಕಣ್ಣ ಮುಂದೆ ಹಾಗೇ ಇದೆ. ಏಳು ತಿಂಗಳ ಬಸುರಿ ನೀನು, ನಾವು ಬಾಡಿಗೆಗಿರುವ ವಾಡೆಯ ಬಾಗಿಲಲ್ಲಿ ರಿಕ್ಷಾ ಕಾಯುತ್ತ ನಿಂತಿದ್ದೆ. ಮಗ್ಗುಲಲ್ಲಿ ಕರೆಂಟಿನ ಪೆಟ್ಟಿಗೆ, ಅದರ ಬುಡದಲ್ಲಿ ಗಲ್ಲಿಯವರೆಲ್ಲ ಕೂಡಿ ಬೆಳೆಸಿದ ತಿಪ್ಪೆ. ಮಳೆ ಬಿದ್ದು ಕೊಳೆತಿತ್ತು. ನೀನು ಸೆರಗನ್ನು ಮೂಗಿಗೆ ಹಿಡಿದರೂ ತಡೆಯಲಾಗದೆ ವಾಂತಿ ಮಾಡಿಕೊಂಡೆ. ಆಗ ನಾನು ಮಾಡಿದ್ದೇನು? ಬೆಳಿಗ್ಗೆ ಕಸದ ಗಾಡಿ ತಪ್ಪಿತೆಂದು ಕೈಯಲ್ಲಿದ್ದ ನಮ್ಮ ಮನೆಯ ಚೀಲವನ್ನೂ ಅಲ್ಲೇ ಒಗೆದೆ. ‘ಊರಾಗ ದಿನಾ ಅಂಗಳಕ್ಕ ಸಗಣಿ ನೀರ ಹಾಕಿ ಗುಡಸ್ತೀವಿ. ಇದು ನಮ್ಮೂರ ಅಲ್ಲೇನ್ರಿ?’ ಎಂದು ಕೇಳಿದೆ ನೀನು. ‘ಅಲ್ಲ ಬಿಡು’ ಎಂದೆ ನಾನು. ‘ಹಂಗಾರ ನನ್ ಕೂಸಿನ್ನ ಈ ತಿಪ್ಪಿ ದಾಟಿಸಿ ಒಳಗ ತರಂಗಿಲ್ಲ’ ಎಂದು ನೀನು ರಿಕ್ಷಾ ಹತ್ತಿದೆ. ತಿರುಗಿ ನೋಡಲಿಲ್ಲ.

ದೀಪಾವಳಿ ಮುಗಿದ ಮೇಲೆ ಎರಡು ರವಿವಾರ ಸಲಿಕೆ ಹಿಡಿದು ಆ ಮೂಲೆಯನ್ನು ಬಳಿದೆ. ಸೋಮವಾರ ಏಳುವಷ್ಟರಲ್ಲಿ ಮತ್ತೆ ತಿಪ್ಪೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಕ್ಲಾಸಿಗೆ ಹೋಗುವ ಹುಡುಗರು ಗಾಡಿ ನಿಲ್ಲಿಸದೆ ಚಹಾದ ಕಪ್ಪು ಎಸೆಯುತ್ತಾರೆ, ಮೇಲಿನ ಮನೆಯವರು ಗುರಿ ನೋಡಿ ಚೀಲ ಬಿಡುತ್ತಾರೆ. ಆಗ ಕೆಲಸದ ಕಡೆ ಉಳಿದಿದ್ದ ಶಹಾಬಾದಿ ಫರಸಿ ಕಲ್ಲಿನ ತುಂಡೊಂದನ್ನು ಮೇಸ್ತ್ರಿಯನ್ನು ಕೇಳಿ ತಂದೆ. ನಮ್ಮ ಸೀಮೆಯ ಕಲ್ಲು, ನಮ್ಮ ಹಾಗೇ ದುಡಿಯಲು ಪುಣೆಗೆ ಬಂದದ್ದು. ಮರಾಠಿ ನನ್ನ ಬಾಯಿಗೆ ಬರುತ್ತದೆ, ಕೈಗೆ ಬರುವುದಿಲ್ಲ. ಅದಕ್ಕೆ ಏಳನೇ ಇಯತ್ತೆಯವರೆಗೆ ಕಲಿತ ಕನ್ನಡದಲ್ಲೇ ಕೆತ್ತಿದೆ: ‘ಕೂಸ ಬರತದ, ಕಸ ಹಾಕಬ್ಯಾಡ್ರಿ.’ ಕೂಸಿಗೂ ಕಸಕ್ಕೂ ಒಂದು ಕೊಂಬಿನ ಅಂತರ, ಎಚ್ಚರ ತಪ್ಪಿದ್ದರೆ ಕಸ ಬರತದ ಎಂದಾಗುತ್ತಿತ್ತು. ಗಲ್ಲಿಯಲ್ಲಿ ಯಾರಿಗೂ ಓದಲು ಬರುವುದಿಲ್ಲವೆಂದು ಗೊತ್ತಿತ್ತು. ಓದಬೇಕಾದವಳು ನೀನೊಬ್ಬಳು, ರಿಕ್ಷಾದಿಂದ ಇಳಿಯುವಾಗ ನಿನ್ನ ಕಣ್ಣಿಗೆ ಬೀಳಲೆಂದು ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿದೆ.

ಮರುದಿನ ಕೆಲಸದಿಂದ ಬಂದು ನೋಡಿದರೆ ಕಲ್ಲಿಗೆ ಅರಿಸಿನ ಕುಂಕುಮ. ಮೂರನೇ ದಿನ ಚೆಂಡುಹೂವಿನ ಹಾರ. ಗೊತ್ತಿಲ್ಲದ ಅಕ್ಷರ ಕಂಡವರು ಹಳೆಯ ಕಾಲದ ದೇವರು ಎದ್ದು ಬಂದಿದ್ದಾನೆ ಎಂದುಕೊಂಡಿದ್ದರು. ಕ್ಲಾಸಿನ ಹುಡುಗರು ಗಾಡಿ ನಿಧಾನ ಮಾಡಿ ಎದೆ ಮುಟ್ಟಿಕೊಂಡು ಹೋಗತೊಡಗಿದರು. ಒಂದು ಚೀಲವೂ ಬೀಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದೆ. ಸುಳ್ಳು ಹೇಳಿದ್ದು ನಾನಲ್ಲ, ಕಲ್ಲೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಎಂಟು ದಿನಕ್ಕೆ ತೆಂಗಿನ ಚಿಪ್ಪು, ಊದಿನಕಡ್ಡಿಯ ಡಬ್ಬಿ, ಬಾಡಿದ ಹೂವು ಸೇರಿ ದೇವರದೇ ಒಂದು ತಿಪ್ಪೆಯಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶನಿವಾರ ಸಂಜೆ ನಮ್ಮ ವಾಡೆಯ ಮಾಲಕಿ ಸಿಂಧು ಆಜಿ ನಾಲ್ಕು ಮನೆಯ ಹೆಂಗಸರನ್ನು ಸೇರಿಸಿ ನನ್ನನ್ನು ಕರೆದರು. ‘ಹಾ ಕೋಣತಾ ದೇವ್?’ ಇದು ಯಾವ ದೇವರು, ನಿನ್ನ ಭಾಷೆಯೇ ಇರಬೇಕು, ಓದಿ ಹೇಳು ಎಂದರು. ಚಹಾದ ಅಂಗಡಿಯ ಸುಂದರನೂ ಬಂದು ಕೈಮುಗಿದು ನಿಂತ. ಒಂದು ದೇವರ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಿನ್ನ ಮುಖ ನೆನಪಾಯಿತು, ಸುಳ್ಳಿನ ಮೇಲೆ ಕೂಸನ್ನು ಕರೆತರುವುದು ಹೇಗೆ? ಬೆವರುತ್ತ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದೆ, ನೀನು ಹೋದದ್ದನ್ನೂ, ನಾನು ಚೀಲ ಒಗೆದದ್ದನ್ನೂ. ಇವತ್ತು ಖೋಲಿ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ಆಜಿ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ: ‘ಆಪಲ್ಯಾ ಗಲ್ಲೀತ ಬಾಳ ಯೇಣಾರ್?’ ನಮ್ಮ ಗಲ್ಲಿಗೆ ಕೂಸು ಬರುತ್ತದೆಯೇ ಎಂದು.

ಸಾಬವ್ವಾ, ಮರಾಠಿಯಲ್ಲಿ ‘ನಮ್ಮ’ ಎನ್ನಲು ಎರಡು ಮಾತಿವೆ. ‘ಆಮಚ್ಯಾ’ ಎಂದರೆ ನಮ್ಮದು, ನಿನ್ನದಲ್ಲ. ‘ಆಪಲ್ಯಾ’ ಎಂದರೆ ನಮ್ಮದು, ನಿನ್ನದೂ. ಆಜಿ ‘ಆಪಲ್ಯಾ’ ಎಂದರು. ಒಂಬತ್ತು ವರ್ಷದಲ್ಲಿ ನನ್ನನ್ನು ಸೇರಿಸಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅಥವಾ ಆಡಿದ್ದರೂ ನನ್ನ ಕಿವಿಗೆ ಬಿದ್ದಿರಲಿಲ್ಲ. ಅವರೇ ಬಗ್ಗಿ ಹಾರ ತೆಗೆದು ಹಸಿ ಕಸದ ಬುಟ್ಟಿಗೆ ಹಾಕಿದರು, ಕಲ್ಲು ತೊಳೆಸಿದರು. ಸುಂದರ ತನ್ನ ಅಂಗಡಿಯ ಮುಂದೆ ಕಪ್ಪಿಗೊಂದು ಡಬ್ಬ ಇಟ್ಟ. ಬೆಳಿಗ್ಗೆ ಗುಡಿಸಲು ಬರುವ ಹೆಂಗಸು ದಿನವೂ ಕಲ್ಲಿನ ಮುಂದೆ ಸಣ್ಣ ರಂಗೋಲಿ ಬಿಡುತ್ತಾಳೆ. ಪಕ್ಕದ ಗಲ್ಲಿಯವರು ಬಂದರೆ ನಮ್ಮವರು ಎದೆ ಉಬ್ಬಿಸಿಕೊಂಡು ಕನ್ನಡ ಓದಿ ತೋರಿಸುತ್ತಾರೆ. ‘ಬ್ಯಾಡ್ರಿ’ ಅವರ ನಾಲಿಗೆಗೆ ಹತ್ತುವುದಿಲ್ಲ, ಕೇಳಬೇಕು ನೀನು. ನಾನೂ ಒಂದು ಚೀಲವನ್ನೂ ಹೊರಗೆ ಒಗೆದಿಲ್ಲ, ಗಾಡಿ ಬರುವ ಮೊದಲೇ ಎದ್ದು ನಿಂತಿರುತ್ತೇನೆ.

ತೊಟ್ಟಿಲಿಗೆ ಜಂತಿಯಲ್ಲಿ ಕೊಂಡಿ ಹಾಕಿದ್ದೇನೆ. ಸಂಜೆ ಕೆಲಸದಿಂದ ಬಂದು ಕೈ ತೊಳೆದ ಮೇಲೆ ಖಾಲಿ ಹಗ್ಗವನ್ನು ಒಮ್ಮೆ ತೂಗಿ ನೋಡುತ್ತೇನೆ, ಕೊಂಡಿ ಗಟ್ಟಿ ಇದೆಯೋ ಎಂದು. ದಿನಾ ಗಟ್ಟಿಯೇ ಇರುತ್ತದೆ. ನಿನ್ನ ನೆನಪು ಬಹಳ ಆಗುತ್ತದೆ. ಇಷ್ಟನ್ನು ಬರೆಯಲು ನಾಲ್ಕು ಪುಟ ಬೇಕಾಯಿತು.

ಅತ್ತೆ ಮಾವನವರ ಪಾದಕ್ಕೆ ಹಣೆ ಹಚ್ಚಿದೆ ಎಂದು ಹೇಳು. ತಮ್ಮನಿಗೆ ಉಂಡೆ ಕಡಿಮೆ ತಿನ್ನಲು ಹೇಳು. ರೇಣುವಿನ ಎರಡು ಅಂಗಾಲಿಗೂ ನನ್ನ ಮುತ್ತು.

ನಿನ್ನ ದಾರಿಯನ್ನೇ ಕಾಯುತ್ತಿರುವ,
ಅವ್ವಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಇವತ್ತು ಬೆಳಿಗ್ಗೆ ಯಾರೋ ಮತ್ತೆ ಒಂದು ಚೀಲ ಇಟ್ಟು ಹೋಗಿದ್ದರು. ಎರಡು ತಿಂಗಳಲ್ಲಿ ಇದೇ ಮೊದಲು. ಆಜಿ ಸಿಟ್ಟಾಗಲಿಲ್ಲ. ಕೂಸು ಬರುತ್ತದೆ ಎಂದು ಕಲ್ಲು ಹೇಳುತ್ತಲೇ ಇದೆ, ಕೂಸು ಮಾತ್ರ ಇಲ್ಲ, ಜನ ಎಷ್ಟು ದಿನ ನಂಬಿಯಾರು ಎಂದರು. ಮೊದಲ ಸಂಕ್ರಾಂತಿಯ ಕೂಸಿಗೆ ಇಲ್ಲಿ ತಲೆಯ ಮೇಲೆ ಬಾರೆಹಣ್ಣು, ಚುರುಮುರಿ ಎರೆಯುತ್ತಾರೆ, ರಥಸಪ್ತಮಿಯವರೆಗೂ ನಡೆಯುತ್ತದಂತೆ. ರೇಣುಗೆ ಆ ಕಲ್ಲಿನ ಮುಂದೆಯೇ ಎರೆಯಬೇಕೆಂದು ಇಡೀ ಗಲ್ಲಿ ಕಾದಿದೆ. ರಥಸಪ್ತಮಿ ಇಪ್ಪತ್ತೈದಕ್ಕೆ. ಅವತ್ತು ಅವಳ ತಲೆಯಿಂದ ಉರುಳಿ ಬಿದ್ದದ್ದನ್ನೆಲ್ಲ ನಾನೇ ಗುಡಿಸುತ್ತೇನೆ. ಕೇಳಿದ್ದೆಯಲ್ಲ, ಇದು ನಮ್ಮೂರ ಅಲ್ಲೇನ್ರಿ ಎಂದು. ಹೌದು, ನಮ್ಮೂರೇ. ಬಾ.